ಮನೆಯ ಅರಿವು, ಮನೆಯೊಡೆಯನ ಹೊಣೆ

ಬಾಗಿಲ ಬಳಿ ಬೆಳೆದ ಕಳೆಯನ್ನೂ ಒಳಗೆ ಕೂತ ಧೂಳನ್ನೂ ಕಂಡವನು, ಈ ಮನೆಗೆ ಒಡೆಯನುಂಟೇ ಎಂದು ಕೇಳುವುದು ಸಹಜ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ದೃಷ್ಟಾಂತವನ್ನು ಅಂತರಂಗಕ್ಕೆ ಅನ್ವಯಿಸಿ ಶೋಧಿಸಿದುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಒಡೆಯನು ಎಚ್ಚರಿದ್ದರೆ ಮನೆ ಹಸನಾಗಿರುವುದು, ಮನೆ ಹಾಳುಬಿದ್ದಿದ್ದರೆ ಒಡೆಯನಿಲ್ಲವೆಂದು ತಿಳಿಯತಕ್ಕದ್ದು ಎಂಬ ಲೋಕಾನುಭವವೇ ಆ ದೃಷ್ಟಾಂತಕ್ಕೆ ಆಧಾರ. ಇಂದು ಆ ಕುರುಹೇ ಸಂದೇಹಕ್ಕೆ ಒಳಗಾಗಿದೆ. ಧೂಳನ್ನು ತಾನೇ ಗುಡಿಸುವ ಯಂತ್ರ, ಕತ್ತಲಾದೊಡನೆ ತಾನೇ ಹೊತ್ತಿಕೊಳ್ಳುವ ದೀಪ, ಬಾಗಿಲಿಗೆ ಬಂದವರ ಮುಖವನ್ನು ಗುರುತಿಸುವ ಕ್ಯಾಮೆರಾ ಇವೆಲ್ಲವೂ ಕೂಡಿ, ಒಡೆಯನಿಲ್ಲದ ಮನೆಯನ್ನು ಒಡೆಯನಿರುವ ಮನೆಯಂತೆಯೇ ತೋರಿಸಬಲ್ಲವು. ಹೀಗೆ ಮನೆಯೇ ಎಲ್ಲವನ್ನೂ ಅರಿತು ನಡೆಸತೊಡಗಿದಾಗ ಗೃಹಸ್ಥನ ಹೊಣೆ ಏನಾಗುತ್ತದೆ? ಅದು ಹಗುರಾಗುತ್ತದೆಯೇ, ತೀರಿಯೇ ಹೋಗುತ್ತದೆಯೇ, ಅಥವಾ ಕಣ್ಣಿಗೆ ಕಾಣದಂತೆ ಹೆಚ್ಚುತ್ತದೆಯೇ? ಇದು ಸದ್ಗೃಹಸ್ಥರೆಲ್ಲರೂ ಆಲೋಚಿಸಬೇಕಾದ ಪ್ರಶ್ನೆ.

ಇಂಥ ಮನೆಯ ಕಲ್ಪನೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಮಾರ್ಕ್ ವೈಸರ್ ಎಂಬ ವಿಜ್ಞಾನಿಯು 1991ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಗಣಕಯಂತ್ರವು ಮೇಜಿನ ಮೇಲೆ ಕುಳಿತು ಮನುಷ್ಯನ ಗಮನವನ್ನೆಲ್ಲ ಸೆಳೆದುಕೊಳ್ಳುವ ಬದಲು, ಸುತ್ತಲಿನ ವಸ್ತುಗಳಲ್ಲಿ ಅಡಗಿ, ಕಣ್ಣಿಗೆ ಬೀಳದೆ ಸೇವೆ ಸಲ್ಲಿಸಬೇಕೆಂಬುದು ಅವನ ಪ್ರತಿಪಾದನೆ. 1998ರಲ್ಲಿ ಫಿಲಿಪ್ಸ್ ಸಂಸ್ಥೆಗಾಗಿ ನಡೆದ ವಿಚಾರ ವಿನಿಮಯದಲ್ಲಿ ಇದಕ್ಕೆ ‘ಆಂಬಿಯೆಂಟ್ ಇಂಟೆಲಿಜೆನ್ಸ್’ ಎಂಬ ಹೆಸರು ಹುಟ್ಟಿತು. ‘ಸುತ್ತಣ ಬುದ್ಧಿ’ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. 2001ರಲ್ಲಿ ಯುರೋಪಿಯನ್ ಆಯೋಗದ ಸಲಹಾ ಮಂಡಲಿಯೊಂದು, 2010ರ ವೇಳೆಗೆ ಇಂಥ ಬುದ್ಧಿಯಿಂದ ಜನಜೀವನ ಹೇಗಾಗಬಹುದೆಂಬ ಚಿತ್ರಗಳನ್ನು ಕಥೆಗಳ ರೂಪದಲ್ಲಿ ಹೊರತಂದಿತು.

ಇಂಥ ಮನೆಯೊಳಗೆ ಒಂದೇ ದೊಡ್ಡ ಮೆದುಳು ಕುಳಿತು ಆಳುತ್ತದೆಂದು ತಿಳಿಯಬೇಕಾಗಿಲ್ಲ. ಅನೇಕ ಸಣ್ಣ ಬುದ್ಧಿಗಳು ಕೂಡಿ ಕೆಲಸ ಮಾಡುವ ವಿಧಾನವೂ ಬೆಳೆದುಬಂದಿದೆ. ಮಠದ ಜಾತ್ರೆಯ ಏರ್ಪಾಡನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಅಡುಗೆಯವರು ಒಲೆಯನ್ನು ಬಲ್ಲರು, ನೀರಿನವರು ಬಾವಿಯನ್ನು ಬಲ್ಲರು, ಪಂಕ್ತಿ ನೋಡುವವರು ಎಲೆಗಳ ಲೆಕ್ಕವನ್ನು ಬಲ್ಲರು. ಒಬ್ಬರಿಗೊಬ್ಬರು ಹೇಳಿ ಕಳುಹಿಸುತ್ತ ಸಾವಿರಾರು ಜನರ ದಾಸೋಹವನ್ನು ಸಾಗಿಸುತ್ತಾರೆ. ಯಂತ್ರಗಳಲ್ಲಿ ಇಂಥ ಒಂದೊಂದು ಸಣ್ಣ ಬುದ್ಧಿಗೂ ‘ಏಜೆಂಟ್’, ಎಂದರೆ ಒಬ್ಬರ ಪರವಾಗಿ ಕೆಲಸ ನಡೆಸುವ ಪ್ರತಿನಿಧಿ, ಎಂದು ಹೆಸರು. ಈ ಪ್ರತಿನಿಧಿಗಳು ಕೆಲಸವನ್ನು ಹಂಚಿಕೊಳ್ಳುವ ಒಂದು ಕ್ರಮವನ್ನು ರೀಡ್ ಸ್ಮಿತ್ ಎಂಬ ವಿದ್ವಾಂಸನು 1980ರಲ್ಲಿ ವಿವರಿಸಿದನು. ಅದು ಟೆಂಡರು ಕರೆಯುವ ರೀತಿಯದು. ಒಂದು ಪ್ರತಿನಿಧಿ ಕೆಲಸವನ್ನು ಸಾರುತ್ತದೆ. ಉಳಿದವು ತಮ್ಮ ಶಕ್ತಿಗೆ ತಕ್ಕಂತೆ ಬೇಡಿಕೆ ಸಲ್ಲಿಸುತ್ತವೆ. ಯೋಗ್ಯವಾದುದಕ್ಕೆ ಕೆಲಸ ಒಪ್ಪಿಸಲ್ಪಡುತ್ತದೆ. ಬೇಸಗೆಯ ಮಧ್ಯಾಹ್ನ ಕೋಣೆ ತಂಪಾಗಬೇಕಾದರೆ, ಶೀತಯಂತ್ರವು ತನಗೆ ತಗಲುವ ವಿದ್ಯುತ್ತನ್ನು ಹೇಳಿದರೆ, ಕಿಟಕಿಯ ಪರದೆಯು ಖರ್ಚಿಲ್ಲದೆ ಬಿಸಿಲನ್ನು ತಡೆಯುವೆನೆನ್ನುತ್ತದೆ, ಪರದೆ ಇಳಿಯುತ್ತದೆ. ಟೆಕ್ಸಾಸಿನ ಆರ್ಲಿಂಗ್ಟನ್ನಿನ ವಿಶ್ವವಿದ್ಯಾಲಯದಲ್ಲಿ ಡಯಾನ್ ಕುಕ್ ಮತ್ತು ಅವರ ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ‘ಮ್ಯಾವ್‌ಹೋಮ್’ ಎಂಬ ಮನೆಯನ್ನು ಇಂಥ ಪ್ರತಿನಿಧಿಗಳ ಆಧಾರದ ಮೇಲೆಯೇ ಯೋಜಿಸಲಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಕಾಯಕಕ್ಕೆ ಹಿರಿಮೆಯಿತ್ತ ಜನರಿಗೆ ಇದು ಸೋಮಾರಿತನದ ದಾರಿಯಲ್ಲವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪ ನಿಲ್ಲಲಾರದು. ಬಾವಿಯಿಂದ ಸೇದುತ್ತಿದ್ದ ನೀರು ನಳದಲ್ಲಿ ಬಂದುದನ್ನು ಯಾರೂ ಅಧರ್ಮವೆನ್ನಲಿಲ್ಲ. ಬೀಸುಕಲ್ಲನ್ನು ಬಿಟ್ಟು ಹಿಟ್ಟಿನ ಗಿರಣಿಗೆ ಹೋದ ಗೃಹಿಣಿಯನ್ನು ಯಾರೂ ಮೈಗಳ್ಳಿಯೆನ್ನಲಿಲ್ಲ. ದೇಹಶ್ರಮವನ್ನು ಯಂತ್ರಕ್ಕೆ ಒಪ್ಪಿಸುವುದರಲ್ಲಿ ದೋಷವಿಲ್ಲ. ಆದರೆ ಗಿರಣಿಯು ಕಾಳನ್ನು ಮಾತ್ರ ಬೀಸುತ್ತದೆ. ಇಂದು ಮನೆಯಲ್ಲಿ ಯಾರಿಗೆ ಹಸಿವೆ, ಯಾರಿಗೆ ಜ್ವರ ಎಂದು ಅದು ಗಮನಿಸಲು ಹೋಗುವುದಿಲ್ಲ. ಹೊಸ ಮನೆಯು ಗಮನಿಸುವ ಕೆಲಸವನ್ನೇ ಕೈಗೆತ್ತಿಕೊಳ್ಳುತ್ತದೆ. ಇಲ್ಲಿ ಒಪ್ಪಿಸಲ್ಪಡುತ್ತಿರುವುದು ತೋಳಿನ ಶ್ರಮವಲ್ಲ, ಮನಸ್ಸಿನ ಎಚ್ಚರ. ಆದುದರಿಂದ ಈ ಪ್ರಶ್ನೆಗೆ ಹಳೆಯ ಉತ್ತರ ಸಾಲದು.

ಇದನ್ನು ಪರೀಕ್ಷಿಸಲು ಒಂದು ನಿಜವಾದ ಮನೆಯ ಚರಿತ್ರೆ ನೆರವಾಗುತ್ತದೆ. ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್ ನಗರದಲ್ಲಿ ಮೈಕೇಲ್ ಮೋಝರ್ ಎಂಬ ಪ್ರಾಧ್ಯಾಪಕನು, 1990ರ ದಶಕದಲ್ಲಿ, ತಾನು ವಾಸವಾಗಿದ್ದ ಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡನು. ಬೆಳಕು, ಶಾಖ, ಸದ್ದು, ಚಲನೆ, ಬಾಗಿಲು ಕಿಟಕಿಗಳ ಸ್ಥಿತಿ ಇವನ್ನು ಅಳೆಯುವ ಸುಮಾರು 75 ಸಂವೇದಕಗಳು ಅಲ್ಲಿದ್ದುವು. ಮನೆಯವನು ಮುಂದಿನ 2 ಸೆಕೆಂಡುಗಳಲ್ಲಿ ಯಾವ ಕೋಣೆಗೆ ಕಾಲಿಡುವನೆಂದು ಮನೆ ಊಹಿಸಿ, ಮೊದಲೇ ದೀಪ ಹೊತ್ತಿಸಲು ಯತ್ನಿಸುತ್ತಿತ್ತು. ಅದಕ್ಕೆ ಎರಡು ಗುರಿಗಳು: ನಿವಾಸಿಯ ನೆಮ್ಮದಿ ಮತ್ತು ಇಂಧನದ ಉಳಿತಾಯ. ನೆಮ್ಮದಿಯನ್ನು ಅಳೆಯುವುದು ಹೇಗೆ? ಮನುಷ್ಯನು ಎದ್ದು ಗುಂಡಿಯನ್ನು ತಾನೇ ಒತ್ತಿದರೆ ಅವನಿಗೆ ಅಸಮಾಧಾನವಾಗಿದೆಯೆಂದು ಲೆಕ್ಕ. ಅಷ್ಟೇ ಅಲ್ಲ, ಮನೆಯು ಆಗಾಗ ಬೆಳಕನ್ನು ಒಂದಿಷ್ಟು ತಗ್ಗಿಸಿ ನೋಡುತ್ತಿತ್ತು. ನಿವಾಸಿ ಸುಮ್ಮನಿದ್ದರೆ, ಅಷ್ಟು ಬೆಳಕೇ ಸಾಕೆಂದು ಕಲಿತುಕೊಳ್ಳುತ್ತಿತ್ತು.

ಒಂಟಿಯಾದ ಒಬ್ಬ ವಿದ್ವಾಂಸನ ಮನೆಯಲ್ಲಿ ಈ ನಿಯಮಕ್ಕೆ ತೊಂದರೆಯಿಲ್ಲ. ಅವನಿಗೆ ಬೇಡವಾದರೆ ಅವನು ಎದ್ದು ಗುಂಡಿ ಒತ್ತುತ್ತಾನೆ. ತುಂಬಿದ ಸಂಸಾರದಲ್ಲಿ ಈ ನಿಯಮ ಏನು ಮಾಡೀತೆಂಬುದನ್ನು ವಿಚಾರಿಸಬೇಕು. ಅಲ್ಲಿ ಮೌನವಾಗಿರುವವರೆಲ್ಲರೂ ತೃಪ್ತರಲ್ಲ. ಹೊಸದಾಗಿ ಬಂದ ಸೊಸೆ ಮಂದ ಬೆಳಕಿನಲ್ಲಿಯೇ ಅಕ್ಕಿ ಆರಿಸುತ್ತಾಳೆ. ತನ್ನಿಂದ ಖರ್ಚು ಹೆಚ್ಚಬಾರದೆಂದು ಮುದುಕಿ ಚಳಿಯನ್ನು ಸಹಿಸುತ್ತಾಳೆ. ಪಾತ್ರೆ ತಿಕ್ಕುವ ಹೆಂಗಸು ಗುಂಡಿಯನ್ನು ಮುಟ್ಟಲು ಅಂಜುತ್ತಾಳೆ. ಇವರು ಯಾರೂ ಎದ್ದು ಗುಂಡಿ ಒತ್ತುವುದಿಲ್ಲ. ಮನೆಯ ಲೆಕ್ಕದಲ್ಲಿ ಇವರೆಲ್ಲರೂ ಸುಖಿಗಳೇ. ಕೈನೀಡಿ ಕೇಳುವವನ ಇಚ್ಛೆಯನ್ನು ಯಂತ್ರವು ನಿಷ್ಠೆಯಿಂದ ಕಲಿಯುತ್ತದೆ, ಕೇಳದವರ ಇಚ್ಛೆ ಅದರ ಪಾಲಿಗೆ ಹುಟ್ಟುವುದೇ ಇಲ್ಲ. ಸಂಸಾರದಲ್ಲಿ ಹಿರಿಯನೆನಿಸಿಕೊಂಡವನ ಧರ್ಮವಾದರೋ ಇದಕ್ಕೆ ತೀರ ವಿರುದ್ಧವಾದುದು. ಕೇಳಿದವರಿಗೆ ಕೊಡುವುದು ಅಂಗಡಿಯವನೂ ಮಾಡುವ ಕೆಲಸ. ಕೇಳದಿದ್ದವರ ಅಗತ್ಯವನ್ನು ಅರಿಯುವುದೇ ಹಿರಿತನ.

ಆ ಮನೆಯಿಂದ ಕಲಿಯಬೇಕಾದ ಇನ್ನೊಂದು ಪಾಠವುಂಟು. ತಾನು ಇಂಥ ವೇಳೆಗೆ ಹಿಂದಿರುಗುವೆನೆಂದು ಮನೆ ನಿರೀಕ್ಷಿಸುತ್ತಿದೆಯೆಂಬ ಅರಿವಿನಿಂದಲೇ ತನಗೆ ಆ ವೇಳೆಗೆ ಹೋಗಬೇಕೆಂಬ ಒತ್ತಾಯ ಉಂಟಾಗುತ್ತಿತ್ತೆಂದೂ, ಒಂದು ರೀತಿಯಲ್ಲಿ ಮನೆಯೇ ತನ್ನನ್ನು ಒಂದು ಉಪಕರಣದಂತೆ ನಿಯಂತ್ರಿಸುತ್ತಿತ್ತೆಂದೂ ಮೋಝರನೇ ಮುಂದೆ ಪ್ರಾಮಾಣಿಕವಾಗಿ ಬರೆದಿದ್ದಾನೆ. ಆಳಾಗಿ ಬಂದುದು ಅರಿಯದಂತೆ ಅರಸಾಗಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಮನೆಯೊಳಗಿನ ಮಾತು ಇಷ್ಟಾಯಿತು. ಮನೆಯ ವಸ್ತುಗಳು ಅಂತರಜಾಲದ ಮೂಲಕ ಹೊರಲೋಕಕ್ಕೂ ಕಟ್ಟಲ್ಪಟ್ಟಿವೆಯಾದುದರಿಂದ ಹೊಣೆಯೂ ಹೊಸ್ತಿಲು ದಾಟುತ್ತದೆ. 2016ರ ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸವನ್ನು ಹುಡುಕಿಕೊಡುವ ಡಿನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಅಪಾರವಾದ ಹುಸಿ ಕೋರಿಕೆಗಳ ಪ್ರವಾಹ ಬಂದು ಬಿದ್ದಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಅನೇಕ ತಾಣಗಳು ಅಮೆರಿಕ ಮತ್ತು ಯುರೋಪಿನ ಅಸಂಖ್ಯ ಜನರಿಗೆ ಹಲವು ತಾಸುಗಳವರೆಗೆ ದೊರೆಯದಾದುವು. ಆ ಪ್ರವಾಹದ ಬಹುಭಾಗ ಹೊರಟದ್ದು ದೊಡ್ಡ ಗಣಕಯಂತ್ರಗಳಿಂದಲ್ಲ; ಜನರ ಮನೆ ಅಂಗಡಿಗಳಲ್ಲಿದ್ದ ಕ್ಯಾಮೆರಾ, ಚಿತ್ರಮುದ್ರಕ ಮೊದಲಾದ ಸಾಧನಗಳಿಂದ. ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಕೊಂಡವರು ಬದಲಿಸಿರಲಿಲ್ಲ. ಕೆಲವಕ್ಕಂತೂ ಬದಲಿಸುವ ಅನುಕೂಲವೇ ಇರಲಿಲ್ಲ. ‘ಮಿರಾಯ್’ ಎಂಬ ದುಷ್ಟ ಕ್ರಮವಿಧಿಯು ಅರುವತ್ತಕ್ಕೆ ಮಿಕ್ಕಿದ ಅಂಥ ಪದಗಳ ಪಟ್ಟಿಯನ್ನು ಹಿಡಿದು ಒಂದೊಂದೇ ಬಾಗಿಲನ್ನು ತಟ್ಟಿ ಒಳಹೊಕ್ಕಿತ್ತು.

ಆ ಕ್ರಮವಿಧಿಯನ್ನು ರಚಿಸಿದ ಮೂವರು ತರುಣರು 2017ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ಆದರೆ ಧರ್ಮಜಿಜ್ಞಾಸೆ ಅಲ್ಲಿಗೆ ಮುಗಿಯದು. ತನ್ನ ಮಗುವಿನ ತೊಟ್ಟಿಲನ್ನು ಕಾಯಲೆಂದು ಕ್ಯಾಮೆರಾ ತಂದಿಟ್ಟವನು ಯಾರಿಗೂ ಕೇಡು ಬಗೆದವನಲ್ಲ. ಅವನು ನಿದ್ರಿಸುತ್ತಿರುವಾಗ ಅವನ ವಸ್ತುವು ದೂರದ ಯಾರಿಗೋ ಹಾನಿ ಮಾಡಿದರೆ ಅವನು ಪಾಪಿಯೇ? ಪಾಪಿಯಲ್ಲ, ಆದರೆ ಸಂಪೂರ್ಣ ನಿರ್ಲಿಪ್ತನೂ ಅಲ್ಲ. ಕಟ್ಟದೆ ಬಿಟ್ಟ ಎತ್ತು ನೆರೆಯವನ ಜೋಳದ ಹೊಲವನ್ನು ಮೇದರೆ, ಎತ್ತು ತಪ್ಪು ಮಾಡಿತೆಂದು ಒಡೆಯನು ತಪ್ಪಿಸಿಕೊಳ್ಳಲಾರನು. ಕಣ್ಣಿಯಿಲ್ಲದ ಎತ್ತನ್ನು ಮಾರಿದವನೂ ಉತ್ತರ ಹೇಳಬೇಕು. ಇದನ್ನು ಮನಗಂಡ ಕ್ಯಾಲಿಫೋರ್ನಿಯಾ ರಾಜ್ಯವು 2020ರ ಜನವರಿಯಿಂದಲೂ ಬ್ರಿಟನ್ನು 2024ರ ಏಪ್ರಿಲಿನಿಂದಲೂ ತಯಾರಕರ ಮೇಲೆ ನಿಯಮ ವಿಧಿಸಿವೆ. ಎಲ್ಲ ಸಾಧನಗಳಿಗೂ ಒಂದೇ ಗುಪ್ತಪದವಿಟ್ಟು ಮಾರುವ ಪದ್ಧತಿಗೆ ತಡೆ ಬಿದ್ದಿದೆ.

ಎಲ್ಲಕ್ಕೂ ಕಾಯಿದೆ ಕಾವಲಿರಲಾರದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ವ್ಯಕ್ತಿಗತ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನೂ ಮಾಡಿತು. ಆದರೆ ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಗೃಹಕೃತ್ಯದ ಉದ್ದೇಶಕ್ಕಾಗಿ ಬಳಸುವ ಮಾಹಿತಿಯನ್ನು ಆ ಕಾಯಿದೆ ತನ್ನ ವ್ಯಾಪ್ತಿಯ ಹೊರಗಿಟ್ಟಿದೆ. ಅಡುಗೆಮನೆಯ ಕ್ಯಾಮೆರಾ ಕೆಲಸದವಳನ್ನು ದಿನವಿಡೀ ನೋಡುತ್ತಿರಬಹುದು. ಪಡಸಾಲೆಯ ಯಂತ್ರವು ಅತಿಥಿಯ ಮಾತಿಗೆ ಕಿವಿಗೊಟ್ಟಿರಬಹುದು. ಅವರಿಗೆ ಇದನ್ನು ಮೊದಲೇ ತಿಳಿಸುವುದು ಕಾನೂನಿನ ಭಯದಿಂದ ಆಗತಕ್ಕ ಕೆಲಸವಲ್ಲ, ಮನೆಯವರ ಸದಾಚಾರದಿಂದ ಆಗತಕ್ಕದ್ದು.

ಹಾಗಾದರೆ ಇಂಥ ಮನೆಯನ್ನು ದೂರವಿಡಬೇಕೇ? ಹಾಗೆನ್ನುವುದೂ ಅವಿಚಾರವೇ ಸರಿ. ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ವಿಶ್ವವಿದ್ಯಾಲಯದ ಸಹಕಾರದಿಂದ 2004ರಲ್ಲಿ ತೆರೆದ ‘ಟೈಗರ್‌ಪ್ಲೇಸ್’ ಎಂಬ ವೃದ್ಧರ ವಸತಿಯಲ್ಲಿ, ಒಪ್ಪಿದವರ ಕೋಣೆಗಳಲ್ಲಿ ಸಂವೇದಕಗಳನ್ನಿಟ್ಟರು. ಹಾಸಿಗೆಯಲ್ಲಿನ ಸಾಧನವು ನಾಡಿ, ಉಸಿರು, ಹೊರಳಾಟಗಳನ್ನು ಅಳೆಯುತ್ತದೆ. ಚಿತ್ರ ಬೇಕಾದೆಡೆ ಮುಖ ಕಾಣಿಸದ ನೆರಳಿನಾಕೃತಿಗಳನ್ನು ಬಳಸಿದರು. ವೃದ್ಧರ ನಡವಳಿಕೆಯಲ್ಲಿ ವ್ಯತ್ಯಾಸ ಕಂಡರೆ ಯಂತ್ರವು ತಾನೇ ತೀರ್ಮಾನಿಸದೆ ದಾದಿಗೆ ಸೂಚನೆ ಕಳುಹಿಸುತ್ತದೆ. ದಾದಿಯು ಹೋಗಿ ನೋಡುತ್ತಾಳೆ. ಇಲ್ಲಿ ಯಂತ್ರದ ಸೂಚನೆಯು ಮನುಷ್ಯನ ಕಾಲನ್ನು ವೃದ್ಧರ ಕೋಣೆಯ ಕಡೆಗೆ ತಿರುಗಿಸಿತು.

ಇದೇ ಸಾಧನ ಬೇರೊಂದು ಫಲವನ್ನೂ ಕೊಡಬಲ್ಲದು. ದಾವಣಗೆರೆಯಲ್ಲಿಯೋ ಧಾರವಾಡದಲ್ಲಿಯೋ ತಾಯಿ ಒಬ್ಬಳೇ ಇರುವಾಗ, ಹೊರದೇಶದಲ್ಲಿರುವ ಮಗನು ಅಂಗೈಯ ಫೋನಿನಲ್ಲಿ ಹಸಿರು ಗುರುತನ್ನು ಕಂಡು, ಬಾಗಿಲು ತೆರೆಯಿತು, ಔಷಧದ ಡಬ್ಬಿ ತೆರೆಯಿತು, ಎಲ್ಲವೂ ಕ್ಷೇಮ ಎಂದು ಬಗೆದು ಮಾತನಾಡುವುದನ್ನೇ ಮುಂದಕ್ಕೆ ಹಾಕಬಹುದು. ಆ ಗುರುತು ಸುಳ್ಳಲ್ಲ. ಡಬ್ಬಿ ತೆರೆದುದು ನಿಜವೇ. ಆದರೆ ತಾಯಿ ಇಂದು ಊಟ ಮಾಡಿದಳೇ, ತನ್ನ ಓರಗೆಯ ಗೆಳತಿ ತೀರಿಹೋದುದನ್ನು ಯಾರೊಡನೆ ಹೇಳಿಕೊಂಡಳು ಎಂಬುದು ಡಬ್ಬಿಗೆ ತಿಳಿಯದು. ಸಾಧನ ಒಂದೇ, ಫಲ ಎರಡು. ಒಂದೆಡೆ ಸೂಚನೆಯಿಂದ ಭೇಟಿ ಹುಟ್ಟಿತು, ಇನ್ನೊಂದೆಡೆ ಸೂಚನೆಯೇ ಭೇಟಿಯ ಸ್ಥಾನವನ್ನು ಕಸಿದುಕೊಂಡಿತು.

ಇದರಿಂದ ನಿಷ್ಪನ್ನವಾಗುವುದಿಷ್ಟು. ಮಾಹಿತಿ ಬೇರೆ, ಅರಿವು ಬೇರೆ. ಮಾಹಿತಿಯನ್ನು ಸಂವೇದಕಗಳು ತರಬಲ್ಲವು, ಪ್ರತಿನಿಧಿಗಳು ಹಂಚಿಕೊಳ್ಳಬಲ್ಲವು. ಆದರೆ ಅದರಿಂದ ಒಬ್ಬನ ಹೃದಯ ಕರಗಿ ಅವನು ಎದ್ದು ನಡೆದಾಗ ಮಾತ್ರ ಅದು ಅರಿವೆನಿಸುತ್ತದೆ. ಜಾತ್ರೆಯ ಪಂಕ್ತಿಯಲ್ಲಿ ಒಬ್ಬನಿಗೆ ಪ್ರಸಾದ ತಲುಪದಿದ್ದರೆ, ತಪ್ಪು ನನ್ನದೆಂದು ಮುಂದೆ ಬಂದು ಕೈಮುಗಿಯುವ ಹಿರಿಯನೊಬ್ಬನು ಇದ್ದೇ ಇರುತ್ತಾನೆ. ನೂರು ಯಂತ್ರಗಳು ತಮ್ಮ ತಮ್ಮ ಕೆಲಸವನ್ನು ಲೋಪವಿಲ್ಲದೆ ಮಾಡಿದರೂ, ತಪ್ಪು ನನ್ನದೆನ್ನಲು ಅವುಗಳಲ್ಲಿ ಒಂದೂ ಇಲ್ಲ. ಆ ಸ್ಥಾನ ಖಾಲಿಯಾಗಿಯೇ ಉಳಿಯುತ್ತದೆ. ಅದನ್ನು ತುಂಬಬೇಕಾದವನು ಮನೆಯೊಡೆಯನೇ. ಆದುದರಿಂದ ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು.

ಧೂಳಿಲ್ಲದ ನೆಲವೂ ತಾನೇ ಬೆಳಗುವ ದೀಪವೂ ಇನ್ನು ಒಡೆಯನ ಇರವಿಗೆ ಸಾಕ್ಷಿಯಾಗಲಾರವು. ಬೇರೆ ಕುರುಹನ್ನು ನೋಡಬೇಕು. ಸಂಜೆ ದೀಪ ಹೊತ್ತಿದ ಮೇಲೆ ಮನೆಯಲ್ಲಿ ಯಾರಾದರೂ ಎದ್ದು ಹೋಗಿ, ಮೂಲೆಯಲ್ಲಿ ಕುಳಿತ ಅಜ್ಜಿಯನ್ನೂ ಒಳಗೆ ದುಡಿಯುವವಳನ್ನೂ ಬೆಳಕು ಸಾಕೇ ತಾಯಿ ಎಂದು ಕೇಳುತ್ತಾರೆಯೇ? ಹಾಗೆ ಕೇಳುವ ಮನೆಯಲ್ಲಿ ಎಷ್ಟು ಯಂತ್ರಗಳಿದ್ದರೂ ಚಿಂತೆಯಿಲ್ಲ, ಅಲ್ಲಿ ಒಡೆಯನಿದ್ದಾನೆ.