ಯಾರ ಖಾತೆಗೆ ಬರೆಯುವುದು?



ಚುನಾವಣೆ ಬಂದಾಗಲೆಲ್ಲ, ಮಳೆ ಕೈಕೊಟ್ಟು ಕಾವೇರಿಯ ಮಾತು ಎದ್ದಾಗಲೆಲ್ಲ, ಮಠದ ಕಚೇರಿಗೆ ಬರುವ ಭಕ್ತರು ಒಂದಲ್ಲ ಒಂದು ರೀತಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ನಾವು ಯಾವ ಕಡೆ?" ಪಕ್ಷದ ಹೆಸರಿನಲ್ಲಿ, ಭಾಷೆಯ ಹೆಸರಿನಲ್ಲಿ, ಮತಧರ್ಮದ ಹೆಸರಿನಲ್ಲಿ ದೇಶವು ಹೋಳುಹೋಳಾಗಿ ಮಾತನಾಡುತ್ತಿರುವ ಈ ಕಾಲದಲ್ಲಿ ಇಂಥ ಪ್ರಶ್ನೆ ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ರಾಜಧಾನಿಗಳಲ್ಲಿ ಕುಳಿತವರಿಗೆ ಅದು ಚರ್ಚೆಯ ವಿಷಯ. ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಭಾಗದ ನಮಗೆ ಅದು ಮನೆಯ ಹೊಸ್ತಿಲಿನ ವಿಷಯ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನು ಕುರಿತು ಸ್ವಲ್ಪ ವಿಚಾರ ಮಾಡೋಣ ಎನಿಸಿದೆ.

ಮೊದಲು ನಮ್ಮ ನೆಲದ ಸಂಗತಿ. ಮೂರನೆಯ ಮೈಸೂರು ಯುದ್ಧದ ನಂತರ 1792ರಲ್ಲಿ ಬಾರಾಮಹಲ್ ಸೀಮೆಯು ಟಿಪ್ಪು ಸುಲ್ತಾನನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರು ಸೀಮೆಯೂ ಹೋಯಿತು. ಅಲ್ಲಿಂದ ಮುಂದೆ ಸೇಲಂ ಜಿಲ್ಲೆ, ಮದರಾಸು ಪ್ರಾಂತ್ಯ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ಆದಾಗಲೂ ಇತ್ತಲೇ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಇಷ್ಟೆಲ್ಲ ಆಗುವಾಗ ನಮ್ಮ ಹಿರಿಯರು ತಮ್ಮ ಹೊಲದ ಬದುವಿನಿಂದ ಒಂದು ಹೆಜ್ಜೆಯೂ ಕದಲಿದವರಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ತಾಲ್ಲೂಕು ಕಚೇರಿಯಲ್ಲಿ ತಮಿಳು ಎಂದು ಮೂರು ಭಾಷೆಯಲ್ಲಿ ಬಾಳುವೆ ಮಾಡಿಕೊಂಡು ಬಂದರು. ಹೆಣ್ಣು ತಂದದ್ದು ಆನೇಕಲ್ಲು, ಮಾಲೂರು, ಕನಕಪುರದ ಕಡೆಯಿಂದ. ಕೊಟ್ಟದ್ದೂ ಆ ಕಡೆಗೇ. ಹೀಗಿರುವಾಗ ಎರಡು ಸರ್ಕಾರಗಳು ಮುನಿಸಿಕೊಂಡರೆ ನಮ್ಮಲ್ಲಿ ಅತ್ತೆಮನೆ ತವರುಮನೆಗಳ ನಡುವೆಯೇ ಗೆರೆ ಬೀಳುತ್ತದೆ.

ಈ ಗೆರೆ ಬಿದ್ದುದನ್ನು ನಾವು ಕಂಡಿದ್ದೇವೆ. 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. 1991ರ ಜೂನ್ ತಿಂಗಳಲ್ಲಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಬಂತು. ಆ ಆದೇಶವು ಡಿಸೆಂಬರಿನಲ್ಲಿ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದ ಕೂಡಲೇ ಬೆಂಗಳೂರು, ಮೈಸೂರು ಕಡೆಗಳಲ್ಲಿ ತಮಿಳರ ಮನೆ, ಅಂಗಡಿ, ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಧಿಕೃತ ಲೆಕ್ಕದಲ್ಲಿಯೇ ಹದಿನೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ತಮಿಳುನಾಡಿನತ್ತ ಹೊರಟವು. ಈ ಕಡೆಯೂ ಕನ್ನಡಿಗರ ಮೇಲೆ ಕೋಪ ತಿರುಗಿತು. 2016ರ ಸೆಪ್ಟೆಂಬರ್ 12ರಂದು ಮತ್ತೆ ಅದೇ ಕಥೆ. ಬೆಂಗಳೂರಿನ ಒಂದೇ ಡಿಪೋದಲ್ಲಿ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟು ಬೂದಿಯಾದವು, ಪೊಲೀಸರ ಗೋಲೀಬಾರಿಗೆ ಒಬ್ಬ ಯುವಕ ಬಲಿಯಾದ. ಆ ದಿನಗಳಲ್ಲಿ ಬಸ್ಸುಗಳು ಅತ್ತಿಬೆಲೆಗೆ ಒಂದು ಕಡೆ, ಜೂಜುವಾಡಿಗೆ ಒಂದು ಕಡೆ ನಿಂತುಬಿಟ್ಟಿದ್ದವು. ಮಕ್ಕಳನ್ನು ಎತ್ತಿಕೊಂಡು, ಸೂಟ್‌ಕೇಸು ತಲೆಯ ಮೇಲೆ ಹೊತ್ತುಕೊಂಡು ಜನ ಗಡಿಯನ್ನು ನಡೆದೇ ದಾಟಿದರು.

ಆ ಬಸ್ಸುಗಳನ್ನು ಸುಟ್ಟವರು ಯಾರು? ಕೇಳಿದರೆ ಒಬ್ಬರು "ಕನ್ನಡಿಗರು" ಎನ್ನುತ್ತಾರೆ, ಇನ್ನೊಬ್ಬರು "ಜನರ ಆಕ್ರೋಶ" ಎನ್ನುತ್ತಾರೆ, ಮತ್ತೊಬ್ಬರು "ರಾಜಕೀಯದವರು" ಎನ್ನುತ್ತಾರೆ. ಕಡ್ಡಿ ಗೀರಿದ ಕೈ ಮಾತ್ರ ಒಬ್ಬ ಮನುಷ್ಯನದು. ಅವನಿಗೆ ತಂದೆತಾಯಿ ಇಟ್ಟ ಹೆಸರಿದೆ.

ವಾಣಿಜ್ಯಶಾಸ್ತ್ರ ಓದಿದವರಿಗೆ ಸಸ್ಪೆನ್ಸ್ ಖಾತೆ ಎಂಬುದು ತಿಳಿದಿರುತ್ತದೆ. ಜಮಾ ಮತ್ತು ಖರ್ಚು ಎರಡೂ ಕಡೆ ತಾಳೆಯಾಗದಿದ್ದಾಗ, ಮೊತ್ತ ಎಲ್ಲಿಗೆ ಸೇರಬೇಕೋ ಗೊತ್ತಾಗದಿದ್ದಾಗ, ತಾತ್ಕಾಲಿಕವಾಗಿ ಆ ಖಾತೆಗೆ ಹಾಕಿ ಲೆಕ್ಕ ಮುಚ್ಚುತ್ತಾರೆ. ಒಂದೆರಡು ದಿನಕ್ಕೆ ಅದು ಅನುಕೂಲವೇ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಸಂಸ್ಥೆಯಲ್ಲಿ ಏನೋ ಹುಳುಕು ಇದೆಯೆಂದೇ ಅರ್ಥ. ಲೆಕ್ಕ ಪರಿಶೋಧಕರು ಬಂದರೆ ಮೊದಲು ಬೆರಳಿಡುವುದು ಅಲ್ಲಿಗೆ. "ಅವರು", "ನಮ್ಮವರು", "ಆ ಪಕ್ಷದವರು", "ಆ ಭಾಷೆಯವರು" ಎಂಬ ಹೆಸರುಗಳು ಇಂದು ದೇಶದ ಸಸ್ಪೆನ್ಸ್ ಖಾತೆಗಳಾಗಿವೆ. ತಾನು ಆಡಿದ ಮಾತು, ತಾನು ಎಸೆದ ಕಲ್ಲು, ತಾನು ಮುಚ್ಚಿದ ಬಾಗಿಲು ಯಾವುದನ್ನೂ ತನ್ನ ಹೆಸರಿಗೆ ಬರೆದುಕೊಳ್ಳಲು ಯಾರೂ ಸಿದ್ಧರಿಲ್ಲ. ಎಲ್ಲವನ್ನೂ ಆ ಖಾತೆಗೆ ದೂಡಿಬಿಟ್ಟರೆ ರಾತ್ರಿ ಸುಖವಾಗಿ ನಿದ್ದೆ ಬರುತ್ತದೆ.

ಹಾಗೆ ದೂಡಿದ ಲೆಕ್ಕ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆಂಬುದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಇಲ್ಲಿನ ಬಂಡೆಗಲ್ಲಿನ ಗುಣವೇ ಹಾಗೆ. ಬೋರ್‌ವೆಲ್ ಆಳಕ್ಕೆ ಹೋದಂತೆ ಅದು ಇನ್ನೂ ಹೆಚ್ಚು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಬಣ್ಣದ ಕಲೆ ಬೀಳುತ್ತದೆ. ಆಮೇಲೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಇದಕ್ಕೆ ಪರಿಹಾರವಾಗಿ ಹೊಗೆನಕಲ್ಲಿನಿಂದ ಕಾವೇರಿ ನೀರನ್ನು ಶುದ್ಧೀಕರಿಸಿ ಎರಡೂ ಜಿಲ್ಲೆಗಳಿಗೆ ತರುವ ಯೋಜನೆ ಹುಟ್ಟಿತು. (ಹೊಗೆನಕಲ್ಲು ಎಂಬ ಹೆಸರೇ ಹೊಗೆ, ಕಲ್ಲು ಎಂಬ ಅಚ್ಚಗನ್ನಡ ಮಾತುಗಳದು. ತಮಿಳರೂ ಅದನ್ನು ಹಾಗೆಯೇ ಕರೆಯುತ್ತಾರೆ, ಯಾರಿಗೂ ಬೇಸರವಿಲ್ಲ!) 1998ರಲ್ಲಿ ಕೇಂದ್ರ ಸರ್ಕಾರದ ಸಮ್ಮುಖದಲ್ಲಿ ಎರಡು ರಾಜ್ಯಗಳೂ ಕುಳಿತು, ಬೆಂಗಳೂರಿಗೆ ಕುಡಿಯುವ ನೀರು ಒಯ್ಯಲು ಅವರು, ಹೊಗೆನಕಲ್ಲಿನಿಂದ 1.4 ಟಿಎಂಸಿ ತೆಗೆಯಲು ಇವರು ಎಂದು ಒಪ್ಪಿಕೊಂಡದ್ದೂ ಆಯಿತು.

2008ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ ಹತ್ತಿರವಿತ್ತು. ಗಡಿಯ ಜಂಟಿ ಸರ್ವೆ ಆಗದೆ ಕೆಲಸ ನಡೆಯಬಾರದೆಂಬ ವಾದ ಎದ್ದಿತು. ಆ ವಾದವನ್ನು ಕಾಗದಪತ್ರದ ಮೇಲೆ ತೀರಿಸಿಕೊಳ್ಳಬಹುದಿತ್ತು. ಬದಲಿಗೆ ಬೆಂಗಳೂರಿನಲ್ಲಿ ತಮಿಳು ಚಿತ್ರಗಳ ಚಿತ್ರಮಂದಿರಗಳಿಗೆ ಮುತ್ತಿಗೆ, ಚೆನ್ನೈಯಲ್ಲಿ ಚಿತ್ರನಟರ ಉಪವಾಸ, ಬಸ್ಸುಗಳಿಗೆ ಕಲ್ಲು. ಏಪ್ರಿಲ್ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ ಕರುಣಾನಿಧಿಯವರು ಕರ್ನಾಟಕದ ಚುನಾವಣೆ ಮುಗಿಯುವವರೆಗೆ ಯೋಜನೆಯನ್ನು ತಡೆಹಿಡಿಯುವುದಾಗಿ ಹೇಳಿದರು. ಕಡೆಗೆ ಅದು ಉದ್ಘಾಟನೆಯಾದದ್ದು 2013ರಲ್ಲಿ, ಜಯಲಲಿತಾ ಅವರ ಕಾಲದಲ್ಲಿ.

ಈಗ ಕೇಳಿ. ಆ ನೀರು ಹರಿಯಬೇಕಾದ ಊರುಗಳ ಪಟ್ಟಿಯಲ್ಲಿ ಹೊಸೂರು ಇತ್ತು, ತಳಿ ಇತ್ತು, ಕೆಲಮಂಗಲ ಇತ್ತು. ಅಲ್ಲಿ ಕೊಡ ಹಿಡಿದು ನಿಂತ ತಾಯಂದಿರಲ್ಲಿ ಎಷ್ಟು ಜನ ಮನೆಯಲ್ಲಿ ಕನ್ನಡ ಮಾತನಾಡುವವರು ಎಂಬುದು ನಮಗೆ ಗೊತ್ತು. ಕನ್ನಡದ ಹೆಸರಿನಲ್ಲಿ ಕೂಗಿದ ಘೋಷಣೆ ಕನ್ನಡದ ಕೂಸಿನ ಹಲ್ಲಿನ ಮೇಲೆ ಕಲೆಯಾಗಿ ಕುಳಿತಿತು. ಕೂಗಿದವರಲ್ಲಿ ಒಬ್ಬರಾದರೂ ಇದನ್ನು ಬಯಸಿದ್ದರೆಂದು ನಾನು ಹೇಳಲಾರೆ. ಅವರು ಖರ್ಚು ಬರೆದದ್ದು "ತಮಿಳುನಾಡು" ಎಂಬ ಖಾತೆಗೆ. ಆ ಖಾತೆಯೊಳಗೆ ಯಾರು ಯಾರಿದ್ದಾರೆಂದು ತೆರೆದು ನೋಡಿರಲಿಲ್ಲ, ಅಷ್ಟೆ. ಹಾಗೆಯೇ ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಗೆ ಸೇರಿ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಉಕ್ಕಿದಾಗ ಈ ಕಡೆಯವರು "ಕರ್ನಾಟಕ ಮಾಡಿದ್ದು" ಎನ್ನುತ್ತಾರೆ. ಬೆಂಗಳೂರಿನಲ್ಲಿ ಲಕ್ಷಾಂತರ ತಮಿಳರೂ ಇದ್ದಾರೆ, ನಮ್ಮ ಹೊಸೂರಿನಿಂದ ದಿನವೂ ಕೆಲಸಕ್ಕೆ ಹೋಗುವ ಮಕ್ಕಳೂ ಇದ್ದಾರೆ. ಆ ನೊರೆಯಲ್ಲಿ ಅವರ ಪಾಲಿಲ್ಲವೇ?

ಧರ್ಮದ ಮಾತು ಇಲ್ಲಿ ಎಲ್ಲಿಂದ ಬಂತು ಎನ್ನಬಹುದು. ನಮ್ಮ ಸಂಪ್ರದಾಯದಲ್ಲಿ ಇಷ್ಟಲಿಂಗವನ್ನು ಒಬ್ಬೊಬ್ಬರೂ ತಮ್ಮ ತಮ್ಮ ಅಂಗೈಯಲ್ಲಿಟ್ಟುಕೊಂಡು ಪೂಜಿಸಬೇಕು. ಮನೆಯ ಯಜಮಾನ ಮಾಡಿದ ಪೂಜೆ ಮಗನಿಗೆ ಸಲ್ಲುವುದಿಲ್ಲ, ಗಂಡ ಮಾಡಿದ್ದು ಹೆಂಡತಿಗೆ ಸಲ್ಲುವುದಿಲ್ಲ. ಶರಣರು ಈ ಏರ್ಪಾಡನ್ನು ಸುಮ್ಮನೆ ಮಾಡಲಿಲ್ಲ. ಪೂಜೆ ಒಬ್ಬೊಬ್ಬರದಾದ ಮೇಲೆ ನಡತೆಯ ಹೊಣೆಯೂ ಒಬ್ಬೊಬ್ಬರದೇ ಆಗುತ್ತದೆ. ಬಸವಣ್ಣನವರು ಹೇಳಿದ ಏಳು ಬೇಡಗಳು ನಮ್ಮ ಮಕ್ಕಳಿಗೂ ಬಾಯಿಪಾಠ. ಅವುಗಳಲ್ಲಿ ಕಡೆಯ ಎರಡು ಆತ್ಮಪ್ರಶಂಸೆ ಮತ್ತು ಪರನಿಂದೆಯನ್ನು ಕುರಿತವು. ಇಂದಿನ ಚುನಾವಣಾ ಭಾಷಣಗಳಿಂದ ಆ ಎರಡನ್ನು ತೆಗೆದುಬಿಟ್ಟರೆ ಉಳಿಯುವುದು ಧ್ವನಿವರ್ಧಕದ ಬಾಡಿಗೆ ಮಾತ್ರ ಎಂದು ನಮ್ಮ ಹಿರಿಯ ಭಕ್ತರೊಬ್ಬರು ತಮಾಷೆ ಮಾಡುತ್ತಿರುತ್ತಾರೆ.

ಇನ್ನೊಂದು ಮಾತು. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಗಳಾಗಿದ್ದರು, ಎಂದರೆ ಲೆಕ್ಕ ಒಪ್ಪಿಸುವ ಕೆಲಸದವರು. ಭಂಡಾರದ ಹಣವನ್ನು ಜಂಗಮ ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಆಗದವರು ದೂರು ಹೇಳಿದಾಗ, ಅವರು ಭಂಡಾರವನ್ನು ತೆರೆದು ಎಣಿಸಿಕೊಳ್ಳಿ ಎಂದರೆಂದು ಪುರಾಣಕಾವ್ಯಗಳು ಹೇಳುತ್ತವೆ. ದೂರಿದವರ ಹುಳುಕನ್ನು ಎತ್ತಿ ತೋರಿಸಲು ಹೋಗಲಿಲ್ಲ. ಮುಂದೆ ಹರಳಯ್ಯ, ಮಧುವರಸರ ಮಕ್ಕಳ ಮದುವೆಯಿಂದ ಕಲ್ಯಾಣ ಕದಡಿ, ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆಯಾಯಿತು. ನಂತರ ಬಿಜ್ಜಳನ ಕೊಲೆಯೂ ಆಯಿತು. ಆ ಕೊಲೆಯಿಂದ ಶರಣರಿಗೆ ರಕ್ಷಣೆ ದೊರೆಯಲಿಲ್ಲ. ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನವರೆಗೆ ಓಡಬೇಕಾಯಿತು. ಬಸವಣ್ಣನವರು ಅಷ್ಟರಲ್ಲಿ ಕೂಡಲಸಂಗಮಕ್ಕೆ ತೆರಳಿದ್ದರು. ಅವರ ಹೆಸರಿನಲ್ಲಿ ಕತ್ತಿ ಹಿಡಿಯುವವರಿಗೆ ಆ ಏಳು ಬೇಡಗಳಲ್ಲಿ ಅಪ್ಪಣೆಯಿಲ್ಲ.

ಹಾಗಾದರೆ ಅನ್ಯಾಯ ನಡೆದರೂ ಕಣ್ಣುಮುಚ್ಚಿ ಲಿಂಗಪೂಜೆ ಮಾಡಿಕೊಂಡಿರಬೇಕೇ? ಯುವಕರು ಹೀಗೆ ಕೇಳುತ್ತಾರೆ, ಕೇಳಬೇಕಾದದ್ದೇ. ಮಂಡ್ಯದ ರೈತನ ಗದ್ದೆ ಒಣಗುವುದು ಸುಳ್ಳಲ್ಲ, ತಂಜಾವೂರಿನ ರೈತನ ಪೈರು ಬಾಡುವುದೂ ಸುಳ್ಳಲ್ಲ. ನಮ್ಮ ಮಕ್ಕಳ ಕನ್ನಡ ಶಾಲೆಗಳು ಸೊರಗುತ್ತಿರುವುದೂ ನಿಜ. ನಾನು ವೈಯಕ್ತಿಕ ಹೊಣೆ ಎಂದದ್ದು ಬಾಯಿ ಮುಚ್ಚಿಕೊಂಡಿರುವುದಕ್ಕಲ್ಲ. ಹೇಳುವುದನ್ನು ಹೆಸರು ಹಾಕಿ ಹೇಳಬೇಕು ಎಂಬುದಕ್ಕೆ. 2006ರ ತಮಿಳು ಕಲಿಕೆ ಕಾನೂನಿನಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಹತ್ತನೇ ತರಗತಿಯ ಪರೀಕ್ಷೆಗೆ ಅದರ ಬಿಸಿ ತಟ್ಟಿದ್ದು 2016ರಲ್ಲಿ. ಆಗ ಭಾಷಾ ಅಲ್ಪಸಂಖ್ಯಾತರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದರು, ವಿನಾಯಿತಿ ಪಡೆದರು. 2023ರಲ್ಲಿ ಆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅರ್ಜಿಯ ಕೆಳಗೆ ರುಜು ಇರುತ್ತದೆ, ವಿಳಾಸ ಇರುತ್ತದೆ, ಸುಳ್ಳು ಹೇಳಿದರೆ ಶಿಕ್ಷೆಯೂ ಉಂಟು. ಕಲ್ಲಿಗೆ ರುಜು ಇರುವುದಿಲ್ಲ. ಕಾವೇರಿಯ ವಿಷಯದಲ್ಲಿಯೂ ನೋಡಿ: ನ್ಯಾಯಮಂಡಳಿಯ 2007ರ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಇದ್ದದ್ದು 2018ರ ಫೆಬ್ರವರಿಯಲ್ಲಿ 284.75 ಆದದ್ದು ಸುಪ್ರೀಂ ಕೋರ್ಟಿನಲ್ಲಿ ಮಂಡಿಸಿದ ವಾದದಿಂದ. ಸುಟ್ಟ ಬಸ್ಸುಗಳಿಂದ ಒಂದು ಬಿಂದಿಗೆಯೂ ಹೆಚ್ಚಲಿಲ್ಲ.

ನಿಧಾನವಲ್ಲವೇ ಎಂದರೆ, ನಿಧಾನವೇ. ಬೆಂಗಳೂರಿನ ಹಲಸೂರು ಕೆರೆಯ ಬಳಿ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಬಟ್ಟೆ ಸುತ್ತಿಕೊಂಡು ನಿಂತಿತ್ತು. 2009ರ ಆಗಸ್ಟಿನಲ್ಲಿ ಅದರ ಅನಾವರಣವಾಯಿತು, ನಾಲ್ಕೇ ದಿನದಲ್ಲಿ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯದೂ ಆಯಿತು. ಎರಡು ಸರ್ಕಾರಗಳಿಗೆ ಹದಿನೆಂಟು ವರ್ಷ ಬೇಕಾಯಿತು. ಪಕ್ಕದ ಮನೆಯ ತಮಿಳರ ಹಬ್ಬಕ್ಕೆ ಹೋಗಿಬರಲು ನಮಗೆ ಅಷ್ಟು ಕಾಲ ಬೇಕಿಲ್ಲ.

ಬಿರುಕು ಹೊರಗಿನವರ ನಡುವೆ ಮಾತ್ರ ಇದೆಯೆಂದು ಭಾವಿಸಬಾರದು. 2017-18ರಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯ ಪ್ರಶ್ನೆ ಎದ್ದಾಗ ನಮ್ಮ ಸಮಾಜದಲ್ಲಿಯೇ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು ಮುಖ ತಿರುಗಿಸಿಕೊಂಡರು. ಆ ಪ್ರಶ್ನೆಯ ಸರಿತಪ್ಪು ಈ ಪುಟದ ವಿಷಯವಲ್ಲ. ಎರಡೂ ಕಡೆ ತಿಳಿದವರಿದ್ದಾರೆ, ವಾದ ಮಾಡಲಿ. ಆದರೆ ಆಗ ಮೊಬೈಲುಗಳಲ್ಲಿ ಹರಿದಾಡಿದ ಸಂದೇಶಗಳಲ್ಲಿ ಎಷ್ಟನ್ನು ಬರೆದವರು ತಮ್ಮ ಹೆಸರು ಹಾಕಿದ್ದರು? ಯಾರೋ ಬರೆದದ್ದನ್ನು ಯಾರೋ ಕಳಿಸಿದರು, ನಾವು ಮುಂದಕ್ಕೆ ತಳ್ಳಿದೆವು, ಅಷ್ಟಕ್ಕೆ ನಮ್ಮ ಹೊಣೆ ಮುಗಿಯಿತು ಎಂದುಕೊಂಡೆವು. ಬ್ಯಾಂಕಿನಲ್ಲಿ ಚೆಕ್ಕಿನ ಹಿಂಬದಿಗೆ ಸಹಿ ಹಾಕಿ ಇನ್ನೊಬ್ಬರಿಗೆ ದಾಟಿಸಿದರೆ ಸಹಿ ಹಾಕಿದವನೂ ಬಾಧ್ಯಸ್ಥನೇ. ಮುಂದಕ್ಕೆ ತಳ್ಳಿದ ಸಂದೇಶಕ್ಕೂ ಅದೇ ಕಾನೂನು ಎಂದು ತಿಳಿದರೆ ಅರ್ಧ ಜಗಳ ಅಲ್ಲಿಯೇ ನಿಲ್ಲುತ್ತದೆ.

ಕಡೆಯದಾಗಿ ಒಂದು ಕೆಲಸದ ಮಾತು. 2023ರ ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾಗಿ ಒಂದೇ ವಾರದಲ್ಲಿ ಎರಡು ಬಂದ್ ನಡೆದವು. ಗಡಿಯಲ್ಲಿ ವಾಹನಗಳು ನಿಂತವು. ಮುಂದೆಯೂ ಮಳೆ ಕೈಕೊಡುವ ವರ್ಷಗಳು ಬರುತ್ತವೆ, ಹೆದ್ದಾರಿ ನಿಲ್ಲುತ್ತದೆ. ಸೇಲಂ ಕಡೆಯ ಲಾರಿಯವನು, ತುಮಕೂರಿನ ಟೆಂಪೋದವನು, ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು ಬಿಸಿಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೆದ್ದಾರಿಯ ಅಕ್ಕಪಕ್ಕದ ಊರುಗಳ ಭಕ್ತರು ಅಂದು ಯಾರ ಅಪ್ಪಣೆಗೂ ಕಾಯದೆ ನೀರು, ಮಜ್ಜಿಗೆ, ಸಾಧ್ಯವಾದರೆ ಅನ್ನ ಸಾರು ಒಯ್ಯಬೇಕೆಂದು ಕೋರಿಕೆ. ನಂಬರ್ ಪ್ಲೇಟು ಕೆಎ ಇದೆಯೋ ಟಿಎನ್ ಇದೆಯೋ ನೋಡುವುದು ಬೇಡ. ದೊಡ್ಡ ಪಾತ್ರೆಗಳು ಬೇಕಾದವರು ಕಚೇರಿಯ ವೇಳೆಯಲ್ಲಿ ಬಂದು ಪುಸ್ತಕದಲ್ಲಿ ತಮ್ಮ ಹೆಸರು ಬರೆದು ತೆಗೆದುಕೊಂಡು ಹೋಗಬಹುದು; ತೊಳೆದು ತಂದುಕೊಟ್ಟರೆ ಸಾಕು.