ಬೆಂಚಿನಲ್ಲಿ ಕೂತವರಿಗೆ ನಂಬರ್ ಇರೋದಿಲ್ಲ

ಪಂದ್ಯ ನಡೀತಿರುವಾಗ ರೆಫರಿಯಾದವರು ಕೋಚನ್ನು ಏನಂತ ಕರೀಬೇಕು? ಸರ್ ಅನ್ನಬೇಕಾ, ಹೆಸರು ಹಿಡಿದು ಕೂಗಬೇಕಾ, ಬರೀ 'ಕೋಚ್' ಅಂದ್ರೆ ಸಾಕಾ? ಇದೂ ಒಂದು ಪ್ರಶ್ನೆಯಾ ಅಂತ ನಿಮಗೆ ಅನ್ನಿಸಬಹುದು. ಆದರೆ ಇದಕ್ಕೆ ಸರಿಯಾದ ಉತ್ತರ ಬಾಯಿಗೆ ಬಾರದೇ ಹೋಗಿದ್ದಕ್ಕೆ ಚಾಂಪಿಯನ್ಸ್ ಲೀಗ್ ಫುಟ್‌ಬಾಲಿನ ಒಂದು ಪಂದ್ಯ ಅರ್ಧಕ್ಕೇ ನಿಂತು, ಮಾರನೇ ದಿನ ಬೇರೆ ರೆಫರಿಗಳನ್ನು ಕರೆಸಿ ಆಡಿಸಬೇಕಾಯಿತು.

2020ರ ಡಿಸೆಂಬರ್ 8, ಪ್ಯಾರಿಸ್. ಪ್ಯಾರಿಸ್ ಸೇಂಟ್ ಜರ್ಮೈನ್ ತಂಡಕ್ಕೂ ಟರ್ಕಿಯ ಬಸಕ್‌ಷೆಹಿರ್ ತಂಡಕ್ಕೂ ಆಟ. ಕೊರೋನಾ ಕಾಲವಾದ್ದರಿಂದ ಸ್ಟೇಡಿಯಂ ಖಾಲಿ. ಕಾಲು ಗಂಟೆಯ ಹೊತ್ತಿಗೆ ಟರ್ಕಿ ತಂಡದ ಬೆಂಚಿನಿಂದ ಗಲಾಟೆ ಜಾಸ್ತಿಯಾಯಿತು. ಅಲ್ಲಿ ಕೂಗಾಡುತ್ತಿದ್ದವರು ಯಾರು ಅಂತ ಮುಖ್ಯ ರೆಫರಿಗೆ ತೋರಿಸಬೇಕಾಗಿತ್ತು ನಾಲ್ಕನೇ ಅಧಿಕಾರಿ ಕೋಲ್ತೆಸ್ಕುಗೆ. ಇಬ್ಬರೂ ರೊಮೇನಿಯಾದವರು, ತಮ್ಮ ಭಾಷೆಯಲ್ಲೇ ಮಾತಾಡಿಕೊಂಡರು. ಸಹಾಯಕ ಕೋಚ್ ಪಿಯೆರ್ ವೆಬೋ ಕಡೆ ತೋರಿಸುತ್ತಾ ಕೋಲ್ತೆಸ್ಕು ಬಳಸಿದ ಪದ 'ನೆಗ್ರು'. ರೊಮೇನಿಯನ್ ಭಾಷೆಯಲ್ಲಿ ಕಪ್ಪು ಬಣ್ಣಕ್ಕೆ ಇರುವ ಮಾಮೂಲಿ ಪದ ಅದು. ಕ್ಯಾಮರೂನ್ ಮೂಲದ ವೆಬೋ ಕಿವಿಗೆ ಅದು ಹೇಗೆ ಕೇಳಿಸಿರಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜನ ತುಂಬಿದ್ದರೆ ಆ ಗದ್ದಲದಲ್ಲಿ ಮುಳುಗಿ ಹೋಗುತ್ತಿತ್ತೇನೋ, ಖಾಲಿ ಮೈದಾನದಲ್ಲಿ ಎಲ್ಲರಿಗೂ ಕೇಳಿಸಿತು. ಎರಡೂ ತಂಡ ಮೈದಾನ ಬಿಟ್ಟು ಹೊರನಡೆದವು.

ಆಮೇಲೆ ಯುಎಫಾ ವಿಚಾರಣೆ ಮಾಡಿತು. ಜನಾಂಗ ನಿಂದನೆ ಅನ್ನಲಿಲ್ಲ, ಆದರೆ ಅನುಚಿತ ವರ್ತನೆ ಅಂತ ಹೇಳಿ ಆ ಅಧಿಕಾರಿಯನ್ನು ಸೀಸನ್ ಮುಗಿಯುವವರೆಗೆ ಅಮಾನತು ಮಾಡಿತು. ಹಗೆ ಇರಲಿಲ್ಲ ಅನ್ನೋದನ್ನ ನಾನೂ ಒಪ್ತೀನಿ. ಆದರೆ ಆವತ್ತು ಬೆಂಚಿನಿಂದ ಎದ್ದು ಬಂದ ಡೆಂಬಾ ಬಾ ಎಂಬ ಆಟಗಾರ ಕೇಳಿದ ಪ್ರಶ್ನೆಗೆ 'ಹಗೆ ಇರಲಿಲ್ಲ' ಅನ್ನೋದು ಉತ್ತರ ಆಗೋದಿಲ್ಲ. ಬಿಳಿಯರನ್ನು ತೋರಿಸುವಾಗ ನೀವು 'ಆ ಮನುಷ್ಯ' ಅಂತೀರಲ್ಲ, 'ಆ ಬಿಳಿ ಮನುಷ್ಯ' ಅನ್ನೋದಿಲ್ಲವಲ್ಲ, ಹಾಗಾದರೆ ಕರಿಯರಿಗೆ ಮಾತ್ರ ಯಾಕೆ ಬಣ್ಣ? ಅವರು ಕೇಳಿದ್ದರ ತಿರುಳು ಇಷ್ಟೇ.

ಇಲ್ಲಿ ನನಗೆ ಕಾಣೋ ಒಂದು ಸಣ್ಣ ವಿಷಯ ಇದೆ. ಆಟಗಾರರಿಗೆ ಬೆನ್ನ ಮೇಲೆ ನಂಬರ್ ಇರುತ್ತೆ. ಹತ್ತನೇ ನಂಬರ್, ಏಳನೇ ನಂಬರ್ ಅಂದರೆ ಮುಗೀತು. ಬೆಂಚಿನಲ್ಲಿ ಕೂತ ಕೋಚಿಗೆ, ಅವರ ಸಹಾಯಕರಿಗೆ ನಂಬರ್ ಇಲ್ಲ. ಹೆಸರೂ ಗೊತ್ತಿಲ್ಲ ಅಂದಾಗ ನಾಲಿಗೆ ತಾನಾಗೇ ಮೈಬಣ್ಣಕ್ಕೋ, ಹೊಟ್ಟೆಗೋ, ಬೋಳುತಲೆಗೋ ಹೋಗುತ್ತೆ. ನಮ್ಮ ಕಡೆ ಇದು ಏನು ಅಪರೂಪವೇ? 'ಆ ದಪ್ಪಗಿರೋನಿಗೆ ಕೂರೋಕೆ ಹೇಳ್ರಿ', 'ಆ ಕರಿಯನ್ನ ಆಚೆ ಕಳ್ಸಿ' ಅನ್ನೋ ಮಾತು ಕೇಳದೇ ಹೊನಲು ಬೆಳಕಿನ ಕಬಡ್ಡಿ ನೋಡಿ ಬಂದವರಿದ್ದರೆ ಪುಣ್ಯವಂತರು. ಪ್ಯಾರಿಸ್ಸಿನಲ್ಲಾದರೂ ಆವತ್ತು ಅಧಿಕಾರಿಗಳ ಕೈಯಲ್ಲಿ ತಂಡದ ಪಟ್ಟಿ ಇತ್ತು. ಬೆಂಚಿನಲ್ಲಿರೋರ ಹೆಸರೂ ಅದರಲ್ಲಿ ಇರುತ್ತೆ. ನೋಡೋಕೆ ಐದು ಸೆಕೆಂಡು. ಅಥವಾ ನಾಲ್ಕು ಹೆಜ್ಜೆ ನಡೆದು 'ನಿಮ್ಮ ಹೆಸರೇನು?' ಅಂದಿದ್ದರೂ ಆಗುತ್ತಿತ್ತು.

ಕನ್ನಡದಲ್ಲಿ ಈ ಕಷ್ಟ ಇನ್ನೂ ಒಂದು ಸುತ್ತು ಜಾಸ್ತಿ. ಇಂಗ್ಲಿಷಿನವರಿಗೆ ಒಂದೇ 'ಯು'. ಅದರ ಹಿಂದೆ ಎಷ್ಟು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು. ನಮಗೆ ಬಾಯಿ ತೆಗೆದ ಕೂಡಲೇ ನೀನೋ ನೀವೋ ತೀರ್ಮಾನ ಆಗಲೇಬೇಕು. 'ಕೂತ್ಕೋ' ಅಂದರೂ ಅದು ಒಂದು ತೀರ್ಪು, 'ಕೂತ್ಕೊಳ್ಳಿ' ಅಂದರೂ ಒಂದು ತೀರ್ಪು. ಧಾರವಾಡದ ಕಡೆ ಕೊನೆಗೊಂದು 'ರೀ' ಹಚ್ಚಿದರೆ ಬೈಗುಳಕ್ಕೂ ಮರ್ಯಾದೆ ಬರುತ್ತೆ. ಮಂಗಳೂರಿನ ಕಡೆ 'ಮಾರಾಯ'ನಿಗೂ 'ಮಾರಾಯ್ರೆ'ಗೂ ನಡುವೆ ಎಷ್ಟು ದೂರ ಅಂತ ಅಲ್ಲಿಯವರಿಗೇ ಗೊತ್ತು. ಮತ್ತೆ, ಏಕವಚನ ಅಂದರೆ ಬರೀ ತಿರಸ್ಕಾರವೂ ಅಲ್ಲ. ಅಮ್ಮನಿಗೂ ದೇವರಿಗೂ ನಾವು ನೀನು ಅಂತಲೇ ಅನ್ನೋದು. ಮೈದಾನದಲ್ಲಿ ತೊಂದರೆ ಶುರುವಾಗೋದು ಈ ಪ್ರೀತಿಯ ಏಕವಚನದಿಂದಲೇ.

ಯಾಕಂದ್ರೆ ನಮ್ಮ ಕಬಡ್ಡಿ, ವಾಲಿಬಾಲ್ ರೆಫರಿಗಳಲ್ಲಿ ಬಹುಪಾಲು ಹಳೇ ಆಟಗಾರರು, ಇಲ್ಲವೇ ಪಿಟಿ ಮೇಷ್ಟ್ರುಗಳು. ಹೋಬಳಿ ಮಟ್ಟದ ಶಾಲಾ ಪಂದ್ಯಕ್ಕೆ ಹೋಗಿ ನೋಡಿ. ಬೆಳಗಿನ ಪಂದ್ಯದಲ್ಲಿ ವಿಸಿಲ್ ಊದಿದವರೇ ಮಧ್ಯಾಹ್ನ ತಮ್ಮ ಶಾಲೆಯ ಮಕ್ಕಳ ಹಿಂದೆ ಕೋಚಾಗಿ ನಿಂತಿರುತ್ತಾರೆ. ಒಬ್ಬರಿಗೊಬ್ಬರು ಇಪ್ಪತ್ತು ವರ್ಷದ ಪರಿಚಯ. ಆ ಕಡೆ ಕೋಚ್ ಕಾಲೇಜಿನ ಸೀನಿಯರ್, ಅವರಿಗೆ 'ಅಣ್ಣಾ, ಸ್ವಲ್ಪ ಹಿಂದೆ ನಿಂತ್ಕೋ' ಅಂತ ನಗುನಗುತ್ತಾ ಹೇಳೋದು. ಈ ಕಡೆಯವರು ಬೇರೆ ತಾಲೂಕಿನಿಂದ ಬಂದ ಹೊಸಬರು, ಅವರಿಗೆ 'ಏನ್ರೀ ಕೋಚ್, ಗೆರೆ ಕಾಣಲ್ವಾ?' ಎರಡೂ ಕಡೆ ಕೊಟ್ಟ ತೀರ್ಪು ಪಕ್ಕಾ ಸರಿ ಇರಬಹುದು. ಆದರೆ ಈ ಕಡೆ ಬೆಂಚಿನ ಹದಿನಾಲ್ಕು ವರ್ಷದ ಹುಡುಗ ಕೇಳಿಸಿಕೊಂಡಿದ್ದು ಪಾಯಿಂಟನ್ನಲ್ಲ, ಆ 'ಅಣ್ಣಾ'ವನ್ನು. ಇನ್ನು ಮುಂದೆ ಬರೋ ಪ್ರತಿ ತೀರ್ಪನ್ನೂ ಅವನು ಆ ಪದದ ಮೂಲಕವೇ ನೋಡುತ್ತಾನೆ. ಅವನದು ತಪ್ಪು ಅನ್ನೋಕಾಗಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಎಷ್ಟು ಗೌರವದಿಂದ ಕರೆದರು ಅನ್ನೋದಕ್ಕಿಂತ ಇಬ್ಬರನ್ನೂ ಒಂದೇ ಥರ ಕರೆದರಾ ಅನ್ನೋದು ದೊಡ್ಡ ವಿಷಯ. ಸರ್ ಅಂದರೆ ಇಬ್ಬರಿಗೂ ಸರ್, ಕೋಚ್ ಅಂದರೆ ಇಬ್ಬರಿಗೂ ಕೋಚ್. ಆದರೆ ಎದುರಿಗಿರೋದು ತನಗೆ ಆಟ ಕಲಿಸಿದ ಗುರುವೇ ಆಗಿದ್ದರೆ? ಅವರನ್ನು ಬರಿದೇ 'ಕೋಚ್' ಅಂತ ಕೂಗೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲ್ಲ, ಬರಬಾರದು ಕೂಡ. ಅದಕ್ಕೇ ನಾನು 'ಸರ್' ಪರ. ಕಂಡಕ್ಟರಿಗೂ ಬ್ಯಾಂಕಿನವರಿಗೂ ಆಟೋದವರಿಗೂ ಹೇಳಿ ಹೇಳಿ ಸವೆದುಹೋದ ಪದ ಅದು. ಹಾಗೆ ಸವೆದಿರೋದೇ ಅನುಕೂಲ. ಗುರುವಿಗೂ ಹೇಳಬಹುದು, ಗುರುವಿನ ಎದುರಾಳಿಗೂ ಹೇಳಬಹುದು.

ಮಹಿಳಾ ಕೋಚುಗಳ ವಿಷಯಕ್ಕೆ ಬಂದರೆ ನಮ್ಮ ಸೌಜನ್ಯ ಇನ್ನೂ ಬೇಗ ಬಯಲಾಗುತ್ತೆ. ಗಂಡಸು ಕೋಚಿಗೆ 'ಸರ್, ಪ್ಲೀಸ್'. ಪಕ್ಕದ ಬೆಂಚಿನವರಿಗೆ 'ಏನಮ್ಮಾ, ಸುಮ್ನೆ ಕೂತ್ಕೋಮ್ಮಾ'. ಹೇಳಿದವರು ಪ್ರೀತಿಯಿಂದಲೇ ಹೇಳಿದೆ ಅಂತಾರೆ, ನಿಜವೂ ಇರಬಹುದು. ಆದರೆ ಹಿಂದೆ ಕೂತ ಹನ್ನೆರಡು ಹುಡುಗಿಯರಿಗೆ ತಮ್ಮ ಮೇಡಂ ಎಷ್ಟು ದೊಡ್ಡವರು ಅನ್ನೋದು ಆ ಒಂದು 'ಕೋ'ದಲ್ಲಿ ತಿಳಿದುಹೋಗಿರುತ್ತೆ.

ಮಾತೇ ಬೇಡ, ಕಾರ್ಡ್ ತೋರಿಸಿದರೆ ಸಾಕು ಅನ್ನೋರೂ ಇದ್ದಾರೆ. ಫುಟ್‌ಬಾಲ್ 2019ರಿಂದ ಆ ದಾರಿ ಹಿಡಿದಿದೆ, ಕೋಚುಗಳಿಗೂ ಹಳದಿ, ಕೆಂಪು ಕಾರ್ಡ್. ವಾಲಿಬಾಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ತೀರ್ಪಿನ ಬಗ್ಗೆ ರೆಫರಿಯನ್ನು ಕೇಳುವ ಹಕ್ಕು ಇರೋದು ಕ್ಯಾಪ್ಟನ್‌ಗೆ ಮಾತ್ರ. ಕೋಚ್ ಟೈಮ್ ಔಟ್ ಕೇಳಬಹುದು, ಆಟಗಾರರನ್ನು ಬದಲಾಯಿಸಬಹುದು, ವಾದಿಸುವ ಹಾಗಿಲ್ಲ. ದೊಡ್ಡವರ ಪಂದ್ಯಕ್ಕೆ ಇದು ಚೆನ್ನಾಗಿದೆ. ಆದರೆ ಎಂಟನೇ ಕ್ಲಾಸಿನ ಹುಡುಗಿ ಕ್ಯಾಪ್ಟನ್ ಆಗಿದ್ದಾಗ? ಸ್ಟ್ಯಾಂಡಿನ ಮೇಲೆ ನಿಂತಿರೋದು ಪಕ್ಕದೂರಿನ ಮೇಷ್ಟ್ರು. ಕತ್ತೆತ್ತಿ 'ಸರ್, ಅದು ಯಾಕೆ ಫೌಲ್?' ಅಂತ ಕೇಳೋಕೆ ಅವಳಿಗೆ ಎಷ್ಟು ಧೈರ್ಯ ಬೇಕು! 'ಹೋಗಮ್ಮ ಆಡು' ಅಂದರೆ ಮುಗೀತು, ಅವಳ ಹಕ್ಕು ಅಲ್ಲಿಗೆ ಸತ್ತಿತು. ಅವಳಿಗೂ ಒಂದು 'ನೀವು' ಸಿಗಬೇಕು ಅಂತ ನಾನು ಹೇಳಿದರೆ ನಗ್ತೀರಿ, ನಗಿ ಪರವಾಗಿಲ್ಲ. ಮೈದಾನದಲ್ಲಿ ಅವಳು ಮಗು ಅಲ್ಲ, ಒಂದು ತಂಡದ ಪ್ರತಿನಿಧಿ.

'ಕೋಚುಗಳು ನಮಗೆ ಬಾಯಿಗೆ ಬಂದ ಹಾಗೆ ಬೈತಾರಲ್ಲ, ನಾವು ಮಾತ್ರ ಯಾಕೆ ಸರ್ ಅನ್ನಬೇಕು?' ಅನ್ನೋ ರೆಫರಿಗಳ ಸಿಟ್ಟು ನನಗೆ ಅರ್ಥವಾಗುತ್ತೆ. ಬಿಸಿಲಲ್ಲಿ ಇಡೀ ದಿನ ನಿಂತು, ಸಿಗೋ ಭತ್ಯೆ ಊಟಕ್ಕೂ ಸಾಲದೆ, ಮೇಲಿಂದ ಬೈಗುಳ. ಆದರೂ ಇದು ಸಮಾನರ ಜಗಳ ಅಲ್ಲ. ಕೋಚ್ ರೆಫರಿಗೆ 'ಲೇ' ಅಂದರೆ ಅದಕ್ಕೆ ಶಿಕ್ಷೆ ಇದೆ, ಕೊಡೋದು ರೆಫರಿಯೇ. ರೆಫರಿ ಕೋಚಿಗೆ 'ಲೇ' ಅಂದರೆ ಆ ಹೊತ್ತಿನಲ್ಲಿ, ಆ ಮೈದಾನದಲ್ಲಿ ಕಾರ್ಡ್ ಎತ್ತೋರು ಯಾರೂ ಇಲ್ಲ. ಹೊರಗೆ ಕಳಿಸಬೇಕು ಅಂದರೆ ಕಳಿಸಲಿ, 'ಸರ್, ಹೊರಗೆ ಹೋಗಿ' ಅಂತಲೇ ಕಳಿಸಲಿ. ಶಿಕ್ಷೆ ಕಾರ್ಡಿನಲ್ಲಿದೆ. ಅದರ ಮೇಲೆ ನಾಲಿಗೆಯಿಂದ ಇನ್ನೊಂದು ಶಿಕ್ಷೆ ಕೊಡೋಕೆ ಯಾವ ಆಟದ ನಿಯಮವೂ ಹೇಳಿಲ್ಲ.

ಉಳಿದಿದ್ದು ಹೆಸರಿನ ಪ್ರಶ್ನೆ. ಅದಕ್ಕೆ ಹೊಸ ಸುತ್ತೋಲೆ ಏನೂ ಬೇಕಾಗಿಲ್ಲ. ವಾಲಿಬಾಲ್ ಸ್ಕೋರ್ ಶೀಟಿನಲ್ಲಿ ಕೋಚ್ ಹೆಸರಿಗೆ, ಸಹಿಗೆ ಮೊದಲಿಂದಲೂ ಜಾಗ ಇದೆ. ಪಂದ್ಯ ಶುರುವಾಗುವ ಮುಂಚೆ ಕೋಚ್ ಬಂದು ಪಟ್ಟಿ ನೋಡಿ ಸಹಿ ಹಾಕಬೇಕು ಅಂತ ನಿಯಮವೇ ಇದೆ. ಹೆಸರು ಕೇಳೋಕೆ, ಮುಖ ನೋಡಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಗಳಿಗೆ ಇಲ್ಲ. ನಮ್ಮ ತಾಲೂಕು ಪಂದ್ಯಗಳಲ್ಲಿ ಆ ಸಹಿಗಳನ್ನು ಸಾಮಾನ್ಯವಾಗಿ ಸಂಜೆ, ಬಹುಮಾನ ವಿತರಣೆ ಮುಗಿದ ಮೇಲೆ, ಎಲ್ಲಾ ಶೀಟುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಹಾಕಿಸಿಕೊಳ್ತಾರೆ.