ಉದ್ರಿ ಪುಸ್ತಕದ ಮುಂದೆ



ಕಡೂರು, ತರೀಕೆರೆ, ಅಜ್ಜಂಪುರದಂಥ ನಮ್ಮ ಊರುಗಳ ಚಿಕ್ಕ ಹೋಟೆಲುಗಳನ್ನು ನೀವು ಬಲ್ಲಿರಿ. ನಾಲ್ಕು ಬೆಂಚು, ಕುದಿಯುವ ಹಾಲು, ಗಲ್ಲಾಪೆಟ್ಟಿಗೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂಬ ಫಲಕ. ಆದರೆ ಎಷ್ಟೋ ಕಡೆ ಆ ಫಲಕದ ಕೆಳಗೇ ಉದ್ರಿಯ ಪುಸ್ತಕವೂ ಇರುತ್ತದೆ. ಫಲಕ ಬೇಡವೆಂದದ್ದನ್ನು ಮನಸ್ಸು ಕೊಟ್ಟಿರುತ್ತದೆ.

ಆ ಪುಸ್ತಕದಲ್ಲಿ ಯಾರ ಹೆಸರು ಇರುತ್ತದೆ? ಈರುಳ್ಳಿ ಬೆಳೆದವರದು, ಅಡಿಕೆ ತೋಟದ ಕೂಲಿಯವರದು, ತೆಂಗಿನಕಾಯಿ ಲಾರಿಗೆ ತುಂಬುವವರದು. ಇವರ ಕೈಗೆ ಹಣ ತಿಂಗಳ ಒಂದನೇ ತಾರೀಖು ಬರುವುದಿಲ್ಲ. ಫಸಲು ಮಾರಿದಾಗ, ಬಟವಾಡೆ ಆದಾಗ ಬರುತ್ತದೆ. ಹಸಿವಾದರೋ ದಿನವೂ ಬರುತ್ತದೆ. ಎರಡು ಇಡ್ಲಿ, ಒಂದು ಲೋಟ ಕಾಫಿಗೆ ಯಾವ ಬ್ಯಾಂಕೂ ಸಾಲ ಕೊಡದು. ಪತ್ರವಿಲ್ಲದೆ, ಜಾಮೀನಿಲ್ಲದೆ, ಬಡ್ಡಿಯಿಲ್ಲದೆ ಕೊಡುವವರು ಹೋಟೆಲಿನವರು ಮಾತ್ರ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಉದ್ರಿ ಉಳಿಸಿಕೊಂಡವನು ಆ ಬೀದಿಯನ್ನೇ ಬಿಟ್ಟು, ಪಕ್ಕದ ರಸ್ತೆಯ ಹೊಸ ದರ್ಶಿನಿಯಲ್ಲಿ ನಗದು ಕೊಟ್ಟು ಕಾಫಿ ಕುಡಿದರೆ ಅದು ತಪ್ಪೇ? "ಐವತ್ತು ಅರವತ್ತು ರೂಪಾಯಿ ತಾನೇ, ಅವರೇನು ಮುಳುಗಿಹೋಗುವುದಿಲ್ಲ" ಎನ್ನುವವರಿದ್ದಾರೆ.

ನಷ್ಟ ಅರವತ್ತು ರೂಪಾಯಿಯಲ್ಲಿ ಮುಗಿಯುವುದಿಲ್ಲ. ಒಬ್ಬ ಮರೆಯಾದ ಮೇಲೆ ಹೋಟೆಲಿನವರ ಕೈ ಬಿಗಿಯಾಗುತ್ತದೆ. ನಾಳೆ ನಿಜವಾಗಿ ಹಸಿದವನೊಬ್ಬ ಬಂದು ನಿಂತಾಗ "ಉದ್ರಿ ಇಲ್ಲಪ್ಪ" ಎನ್ನುತ್ತಾರೆ. ಆ ಹಳೆಯ ಬಾಕಿಯನ್ನು ತೀರಿಸುವವನು ಇವನು, ತನ್ನ ಖಾಲಿ ಹೊಟ್ಟೆಯಿಂದ. ನಾವು ಅವನ ಮುಖವನ್ನೂ ನೋಡಿರುವುದಿಲ್ಲ.

ಹೋಟೆಲಿನವರ ಕಷ್ಟವನ್ನೂ ನೋಡಬೇಕು. ಬಾಬಾಬುಡನ್ ಗಿರಿಯ ಸಾಲು ನಮಗೆ ಹತ್ತಿರವೇ. ಕಾಫಿ ನಮ್ಮ ಜಿಲ್ಲೆಯ ಬೆಳೆ. ಆದರೂ ಅರೇಬಿಕಾಕ್ಕೆ ನ್ಯೂಯಾರ್ಕಿನ, ರೋಬಸ್ಟಾಕ್ಕೆ ಲಂಡನ್ನಿನ ಪೇಟೆಯೇ ದರದ ಅಳತೆಗೋಲು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು, 2025ರ ಆರಂಭದಲ್ಲಿ ಬೀಜದ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ತೋಟದವರಿಗೆ ಅದು ಒಳ್ಳೆಯ ಕಾಲ. ಪುಡಿ ಕೊಳ್ಳುವ ಚಿಕ್ಕ ಹೋಟೆಲಿಗೆ ಅಲ್ಲ. ದರ ಏರಿಸಿದರೆ ಗಿರಾಕಿ ಗೊಣಗುತ್ತಾನೆ, ಏರಿಸದಿದ್ದರೆ ಲಾಭ ಉಳಿಯದು. ಆದ್ದರಿಂದ ಅವರು ಎಂದಾದರೂ ಉದ್ರಿ ಇಲ್ಲವೆಂದರೆ ಕಲ್ಲುಮನಸ್ಸಿನವರೆಂದು ಜರೆಯುವುದು ನ್ಯಾಯವಲ್ಲ. ಅವರಿಗೂ ಮಕ್ಕಳ ಶುಲ್ಕವಿದೆ, ಅಂಗಡಿಯ ಬಾಡಿಗೆಯಿದೆ.

"ಈಗ ಫೋನಿನಲ್ಲೇ ಹಣ ಕೊಡುತ್ತೇವಲ್ಲ, ಉದ್ರಿ ಎಲ್ಲಿದೆ?" ಎಂದು ನೀವು ಕೇಳಬಹುದು. 2016ರಲ್ಲಿ ಯುಪಿಐ ಬಂದ ಮೇಲೆ ಚಿಲ್ಲರೆಯ ತಾಪತ್ರಯ ತಪ್ಪಿದ್ದು ನಿಜ. ಆದರೆ ಖಾತೆಯಲ್ಲಿ ಹಣವಿಲ್ಲದವನಿಗೆ ಫೋನು ಏನು ಮಾಡೀತು? ಅವನಿಗೆ ಅಂದೂ ಇಂದೂ ಬೇಕಾದದ್ದು "ನಾಳೆ ಕೊಡಿ" ಎನ್ನುವ ಒಬ್ಬ ಮನುಷ್ಯ.

ದಯಾಳು ಸಮಾರಿಯದವನ ಸಾಮತಿಯನ್ನು ನೆನೆಯಿರಿ. ನಾವು ಸಮಾರಿಯದವನನ್ನು ಹೊಗಳುತ್ತೇವೆ, ಛತ್ರದವನನ್ನು ಮರೆಯುತ್ತೇವೆ. ಗಾಯಾಳುವಿನ ಆರೈಕೆಗೆ ಅವನ ಕೈಗೆ ಬಂದದ್ದು ಎರಡು ನಾಣ್ಯ. ಮಿಕ್ಕ ಖರ್ಚಿಗೆ ಸಿಕ್ಕಿದ್ದು ಪರದೇಶದವನೊಬ್ಬನ ಮಾತು. ಸಮಾರಿಯದವನು ಹಿಂದಿರುಗಿದನೇ ಎಂಬುದನ್ನು ಸಾಮತಿ ಹೇಳುವುದಿಲ್ಲ. ಆದರೂ ಬಂದೇ ಬಂದ ಎಂದು ನಾವೆಲ್ಲ ನಂಬುತ್ತೇವೆ. ಬಾರದಿದ್ದರೆ ಅವನ ದಯೆ ಇನ್ನೊಬ್ಬರ ಹಣದಲ್ಲಿ ಮಾಡಿದ ಧರ್ಮವಾಗುತ್ತಿತ್ತು.

ಈ ವಾರ ನಿಮ್ಮ ಮನೆಯಲ್ಲಿ ಇದನ್ನು ಮಾತಾಡಿ. ಎಲ್ಲಿಯಾದರೂ ಬಾಕಿಯಿದ್ದರೆ ತೀರಿಸಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ, ಅವರು ನೋಡಲಿ. ಪೂರ್ತಿ ಕೊಡಲಾಗದಿದ್ದರೆ ಬೀದಿ ಬದಲಿಸಬೇಡಿ. ನೇರ ಹೋಗಿ, "ಅಣ್ಣಾ, ಫಸಲು ಬರಲಿ, ಕೊಡುತ್ತೇನೆ" ಎನ್ನಿ. ಹಣ ತಡವಾದರೆ ಹೋಟೆಲಿನವರು ತಾಳಿಯಾರು. ಮುಖ ಮರೆಸಿಕೊಂಡರೆ ಮಾತ್ರ, ಮುಂದೆ ಬರುವ ಹಸಿದವನ ಲೋಟವನ್ನು ನಾವೇ ಕಿತ್ತುಕೊಂಡಂತೆ.